ಗೇಟಿನಲ್ಲಿ ನಿಂತ ಆಫೀಸರು

ನನ್ನ ಭಾವ ಅಂಬ್ರೋಸಿ ಕುತಾಯಿಸಿ ಪಟ್ಟಣಕ್ಕೆ ಹೋಗುವಾಗ ಬರೀ ಭೂಗೋಳದ ಮೇಷ್ಟ್ರು. ವಾಪಸು ಬರುವಾಗ ಮಹಾಪುರುಷರು. ನಡುವೆ ನಡೆದದ್ದು ಒಂದು ತರಬೇತಿ ಶಿಬಿರ ಅಷ್ಟೇ. ಸಾಮಾಜಿಕ ಜಾಲತಾಣಗಳನ್ನೂ ಕಂಪ್ಯೂಟರಿನೊಳಗಿನ ಲೋಕಗಳನ್ನೂ ಪಾಠಕ್ಕೆ ಹೇಗೆ ಬಳಸಬಹುದು ಎಂದು ಅಲ್ಲಿ ಯಾರೋ ಹೇಳಿಕೊಟ್ಟರಂತೆ, ಕೊನೆಗೊಂದು ಪ್ರಮಾಣಪತ್ರವನ್ನೂ ಕೊಟ್ಟರಂತೆ. ಅಕ್ಕ ಲಾಮಾರ ಆ ಪ್ರಮಾಣಪತ್ರವನ್ನು ಅಡುಗೆಮನೆಯಲ್ಲಿ, ಬೆಳ್ಳುಳ್ಳಿ ಗೊಂಚಲಿನ ಪಕ್ಕ ಒಂದು ಮೊಳೆ ಖಾಲಿ ಇತ್ತೆಂದು, ಅಲ್ಲಿಗೇ ತೂಗುಹಾಕಿದಳು. ಭಾವ ಒಂದು ವಾರ ಅವಳ ಜೊತೆ ಮಾತು ಬಿಟ್ಟರು. ಅಕ್ಕನಿಗೆ ಅದು ಗೊತ್ತಾದದ್ದು ವಾರ ಮುಗಿದ ಮೇಲೆ.

ನಾನು ದೊದೊ, ಲಾಮಾರಳ ತಂಗಿ. ಬುಕ್ನಾರಿಯಲ್ಲಿರುವ ಒಂದೇ ಔಷಧಿ ಅಂಗಡಿ ನನ್ನದು. ಊರಿನ ಯಾರ ರಕ್ತದೊತ್ತಡ ಎಷ್ಟು ಎಂದು ನನಗೆ ಬಾಯಿಪಾಠ. ಆ ವಸಂತದಲ್ಲಿ ಎಲ್ಲರದೂ ಒಟ್ಟಿಗೆ ಏರಿತ್ತು. ಕಾರಣ, ಶಾಲೆಯ ಮೇಲಿನ ತರಗತಿಗಳನ್ನು ಮುಚ್ಚುತ್ತಾರೆ ಎಂಬ ಸುದ್ದಿ. ಮಕ್ಕಳು ಕಡಿಮೆ, ಆದ್ದರಿಂದ ಬರುವ ಸೆಪ್ಟೆಂಬರಿನಿಂದ ದೊಡ್ಡ ಮಕ್ಕಳೆಲ್ಲ ಬೆಳಗಿನ ಜಾವ ಎದ್ದು ಮಾರ್ಶ್ರುತ್ಕಾ ವ್ಯಾನಿನಲ್ಲಿ ಕೋಳಿಗಳ ಜೊತೆ ಒತ್ತಿಕೊಂಡು ಕೆಳಗಿನ ಪಟ್ಟಣದ ಶಾಲೆಗೆ ಹೋಗಬೇಕು. ಚಳಿಗಾಲದಲ್ಲಿ ಆ ರಸ್ತೆ ಇರುತ್ತದೋ ಇಲ್ಲವೋ ಎಂದು ರಸ್ತೆಗೇ ಗೊತ್ತಿರುವುದಿಲ್ಲ. ಮುಖ್ಯೋಪಾಧ್ಯಾಯಿನಿ ತ್ಸಿಯಾಲಾ ಮೇಡಂ ಶಿಕ್ಷಣ ಕಚೇರಿಗೆ ಫೋನು ಮಾಡಿ ಅತ್ತರು. ಹೊಸದಾಗಿ ಬಂದಿದ್ದ ಗೆರೊಂತಿ ಎಂಬ ಆಫೀಸರು, "ಪಟ್ಟಣದ ಶಾಲೇಲಿ ಇಲ್ಲದ್ದು ನಿಮ್ಮಲ್ಲಿ ಏನಾದ್ರೂ ಇದ್ರೆ ತೋರ್ಸಿ. ಒಂದಿನ ಹೇಳದೆ ಕೇಳದೆ ಬರ್ತೀನಿ" ಎಂದು ಫೋನು ಇಟ್ಟುಬಿಟ್ಟರು. ಅವರ ಮುಖವನ್ನು ನಮ್ಮೂರಲ್ಲಿ ಯಾರೂ ಕಂಡವರಿರಲಿಲ್ಲ.

ಭಾವನಿಗೆ ಅಷ್ಟು ಸಾಕಿತ್ತು. ಶಾಲೆಯ ಕಂಪ್ಯೂಟರುಗಳ ಧೂಳು ಹೊಡೆದು, ಮಕ್ಕಳು ಹೇಗೂ ಆಡುತ್ತಿದ್ದ ಒಂದು ಕಟ್ಟುವ ಆಟದೊಳಗೆ ಇಡೀ ಒಂಬತ್ತನೇ ತರಗತಿಯನ್ನು ಇಳಿಸಿದರು. ಚೌಕ ಚೌಕ ಇಟ್ಟಿಗೆ ಜೋಡಿಸಿ ಮಕ್ಕಳು ಬುಕ್ನಾರಿಯನ್ನೇ ಮತ್ತೊಮ್ಮೆ ಕಟ್ಟಿದರು. ಬೆಟ್ಟ, ಹೊಳೆ, ಇಗರ್ಜಿ, ಮುಚ್ಚಿದ ಚಹಾ ಕಾರ್ಖಾನೆ, ಬಾತುಕೋಳಿ ಕೊಳ, ಎಲ್ಲ ಬಂದವು. ನನ್ನ ಔಷಧಿ ಅಂಗಡಿಯನ್ನು ಹೊಳೆಯ ಆಚೆ ದಡದಲ್ಲಿ ಇಟ್ಟರು, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಮಕ್ಕಳಿಗೆಲ್ಲ ಅದರೊಳಗೆ ಒಂದೊಂದು ಗೊಂಬೆ ರೂಪ. ತೆಕ್ಲೆ ಎಂಬ ಹುಡುಗಿಯ ಗೊಂಬೆಗೆ ಹಸಿರು ಕೂದಲು. ಭಾವ ತಮ್ಮ ಗೊಂಬೆಗೆ ನಿಜದಲ್ಲಿ ಇಲ್ಲದ ಕೂದಲನ್ನೂ ಭುಜವನ್ನೂ ಕೊಟ್ಟುಕೊಂಡಿದ್ದರು.

"ಅಲ್ಲಿ ಜೋಳ ಬೆಳಿಯತ್ತಾ?" ಎಂದು ಕೇಳಿದಳು ತೆಕ್ಲೆಯ ಅಜ್ಜಿ ನುತ್ಸಾ.

"ಅಲ್ಲಿ ಜ್ಞಾನ ಬೆಳಿಯತ್ತೆ ಅಜ್ಜಿ."

"ಹಂಗಾದ್ರೆ ಹಂದಿಗೇನು ಹಾಕ್ತೀಯ?"

ಭಾವ ಕಂಪ್ಯೂಟರಿನ ಕಡೆ ತಿರುಗಿದರು. ಶಾಲೆಯ ಜಾಲತಾಣದ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಿದರು: "ಕಂಪ್ಯೂಟರಿನೊಳಗಿನ ಬುಕ್ನಾರಿಗೆ ಯಾರು ಬೇಕಾದರೂ ಬನ್ನಿ. ಗೇಟು ತೆರೆದಿದೆ." ಕೆಳಗೆ ದಾರಿಯ ಕೊಂಡಿ. ಆಫೀಸರು ನೋಡಲಿ ಎಂಬುದೇ ಉದ್ದೇಶ. ತ್ಸಿಯಾಲಾ ಮೇಡಂ ಅದರ ಕೆಳಗೆ ಹೂಗುಚ್ಛದ ಚಿತ್ರ ಹಾಕಿದರು. ಅವರು ಮದುವೆ, ಸಾವು, ಸುತ್ತೋಲೆ ಎಲ್ಲದಕ್ಕೂ ಅದೇ ಹೂಗುಚ್ಛ ಹಾಕುವವರು.

ಒಂದು ಮಂಗಳವಾರ ಮಧ್ಯಾಹ್ನ, ಭಾವನಿಗೆ ತಲೆ ತಿರುಗುತ್ತಿದೆ, ಮಾತ್ರೆ ತೆಗೆದುಕೊಂಡು ಓಡಿ ಬಾ ಎಂದು ಅಕ್ಕ ಫೋನು ಮಾಡಿದಳು. ನಾನು ಶಾಲೆಯ ಸಭಾಂಗಣಕ್ಕೆ ಹೋಗಿ ನೋಡಿದರೆ ಭಾವ ಬಿಳಿಚಿಕೊಂಡು ನಿಂತಿದ್ದರು. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಇಟ್ಟಿಗೆಯ ಬುಕ್ನಾರಿ. ಅದರ ಗೇಟಿನಲ್ಲಿ ಹಳದಿ ಟೋಪಿಯ ಒಂದು ಹೊಸ ಗೊಂಬೆ. ತಲೆಯ ಮೇಲೆ "ಪಿಪ್ಪೊ" ಎಂದು ಬರೆದಿತ್ತು.

"ಬಂದ್ಬಿಟ್ರು," ಎಂದು ಪಿಸುಗುಟ್ಟಿದರು ಭಾವ. "ಆಫೀಸರು."

"ಭಾವ, ಪಿಪ್ಪೊ ಅಂತಿದೆ."

"ಗುಟ್ಟಾಗಿ ಬರೋರು ಸ್ವಂತ ಹೆಸರು ಬರ್ಕೊಂಡು ಬರ್ತಾರಾ? ನಿಂಗೆ ಮಾತ್ರೆ ಬಿಟ್ಟು ಬೇರೇನೂ ಗೊತ್ತಿಲ್ಲ."

ಭಾವ ಸ್ವಾಗತದ ಮಾತುಗಳನ್ನು ಬರೆದರು. ಗೊಂಬೆ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಂದೆ ನಡೆದು ನೇರವಾಗಿ ಇಗರ್ಜಿಯ ಗೋಡೆಗೆ ಡಿಕ್ಕಿ ಹೊಡೆಯಿತು. ಹಿಂದೆ ಸರಿದು ಮತ್ತೆ ಹೊಡೆಯಿತು.

"ಗೋಡೆ ಗಟ್ಟಿ ಇದೆಯಾ ನೋಡ್ತಿದಾರೆ," ಎಂದರು ಭಾವ ಭಯಭಕ್ತಿಯಿಂದ.

ಗೊಂಬೆ ಗಿರಗಿರನೆ ತಿರುಗಿ, ಬಂದ ದಾರಿಯಲ್ಲೇ ವಾಪಸಾಗಿ, ಮತ್ತೆ ಗೇಟಿನಲ್ಲಿ ಹೋಗಿ ನಿಂತುಕೊಂಡಿತು.

ಇಷ್ಟರಲ್ಲಿ ಮಕ್ಕಳ ಫೋನುಗಳಿಂದ ಸುದ್ದಿ ಊರಿಡೀ ಹರಡಿತ್ತು. ಶಾಲೆಗೆ ಬಂದವರೊಬ್ಬರು ಗೇಟಿನಲ್ಲೇ ನಿಂತಿದ್ದಾರೆ, ಒಳಗೆ ಕರೆದವರಿಲ್ಲ. ನಮ್ಮ ಗುರಿಯಾ ಸೀಮೆಯಲ್ಲಿ ಇದು ದನ ಕದಿಯುವುದಕ್ಕಿಂತ ದೊಡ್ಡ ತಪ್ಪು. ದನವನ್ನಾದರೆ ವಾಪಸು ಕೊಡಬಹುದು. ಮೊದಲು ನುಗ್ಗಿದವಳು ನುತ್ಸಾ ಅಜ್ಜಿ, ಕೈಯಲ್ಲಿ ಸೌಟು ಹಿಡಿದುಕೊಂಡೇ.

"ಏನೋ ಅಂಬ್ರೋಸಿ, ಮನೆಗೆ ಬಂದೋರನ್ನ ಗೇಟಲ್ಲಿ ನಿಲ್ಸಿ ಪಾಠ ಹೇಳ್ತಿದೀಯ? ನಿಮ್ಮಪ್ಪ ಕಳ್ಳನನ್ನೂ ಊಟ ಹಾಕ್ದೆ ಕಳಿಸ್ತಿರ್ಲಿಲ್ಲ!"

"ಅಜ್ಜಿ, ಅದು ಗೊಂಬೆ..."

"ಆಫೀಸರು ಅಂದ್ಯಲ್ಲ?"

"ಆಫೀಸರೇ. ಆದ್ರೆ ಇಲ್ಲಿ ಗೊಂಬೆ."

"ಗೊಂಬೆ ಹಿಂದೆ ಮನುಷ್ಯ ಇದಾನೋ ಇಲ್ವೋ? ಆ ಮನುಷ್ಯಂಗೆ ಹೊಟ್ಟೆ ಇದೆಯೋ ಇಲ್ವೋ?"

ಈ ತರ್ಕದ ಮುಂದೆ ತರಬೇತಿ ಶಿಬಿರ ಸೋತಿತು. ಮಕ್ಕಳು ಲಗುಬಗೆಯಿಂದ ಇಗರ್ಜಿಯ ಮುಂದೆ ಇಟ್ಟಿಗೆಯ ಮೇಜು ಹಾಕಿದರು, ಹಳದಿ ಇಟ್ಟಿಗೆಯ ಖಾಚಾಪುರಿ, ಅಂದರೆ ಚೀಸು ತುಂಬಿದ ರೊಟ್ಟಿ, ಇಟ್ಟರು. ಅಜ್ಜಿ ಗೋಡೆಯ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದಳು. "ಚೀಸೆಲ್ಲಿ? ಇದನ್ನ ತಿಂದ್ರೆ ಹಲ್ಲು ಮುರಿಯತ್ತೆ. ನಾಳೆ ಪಟ್ಟಣದಲ್ಲಿ ಬುಕ್ನಾರಿಯವ್ರು ಹೆಂಚು ಬಡಿಸಿದ್ರು ಅಂತಾರೆ." ಬರೀ ಚಿತ್ರದ ಊಟ ಮರ್ಯಾದೆಯಲ್ಲ, ನಿಜವಾದ ಊಟವೂ ಎದುರಿಗೆ ಇರಬೇಕು, ನಾವು ತಿಂದರೆ ಅವರಿಗೂ ಸಂಕೋಚ ಹೋಗುತ್ತದೆ ಎಂದು ತೀರ್ಮಾನವಾಯಿತು. ಅರ್ಧ ಗಂಟೆಯಲ್ಲಿ ಸಭಾಂಗಣದ ಬೆಂಚುಗಳೆಲ್ಲ ಜೋಡಿಕೊಂಡು ಮೇಜಾದವು. ಜೋಳದ ರೊಟ್ಟಿ, ಚೀಸು, ಬೇಯಿಸಿದ ಕೋಳಿ, ಸೊಪ್ಪಿನ ಮುದ್ದೆ ಒಂದೊಂದು ಮನೆಯಿಂದ ಬರತೊಡಗಿದವು. ತ್ಸಿಯಾಲಾ ಮೇಡಂ ಸದ್ದು ಕೇಳಿ ಓಡಿ ಬಂದರು.

"ಇದೇನು ಅಂಬ್ರೋಸಿಯವರೇ? ಶಾಲೆಯಲ್ಲಿ ಊಟಾನಾ? ನಿಯಮ ಏನು ಹೇಳತ್ತೆ?"

"ಮೇಡಂ, ಆಫೀಸರು ಬಂದಿದಾರೆ," ಎಂದು ಗೋಡೆ ತೋರಿಸಿದರು ಭಾವ.

ಮೇಡಂ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಕೂದಲು ಸರಿಮಾಡಿಕೊಂಡು, ಗೋಡೆಗೆ ನಮಸ್ಕಾರ ಮಾಡಿ, ಜಾಲತಾಣದಲ್ಲಿ ಒಂದು ಹೂಗುಚ್ಛ ಹಾಕಿದರು.

ಮೇಜು ಹಾಕಿದ ಮೇಲೆ ತಮಾದಾ ಬೇಕೇ ಬೇಕು. ಮೇಜಿನ ಯಜಮಾನನಾಗಿ, ಯಾರಿಗಾಗಿ ಯಾವಾಗ ಲೋಟ ಎತ್ತಬೇಕೆಂದು ಹೇಳುವವನು ಅವನೇ. ನಮ್ಮೂರ ತಮಾದಾ ವಾಲಿಕೋ. ಆತನ ಮಾತು ಶುರುವಾದರೆ ಮಾಂಸ ತಣ್ಣಗಾಗಿ ಮತ್ತೆ ಬಿಸಿ ಮಾಡಿ ಮತ್ತೆ ತಣ್ಣಗಾಗುತ್ತದೆ. ಶಾಲೆಯಲ್ಲಿ ವೈನು ಕೂಡದೆಂದು ಮೇಡಂ ಹಟ ಹಿಡಿದದ್ದರಿಂದ ಅದನ್ನು ಚಹಾದ ಕೆಟಲಿನಲ್ಲಿ ತಂದರು. ವಾಲಿಕೋ ಎದ್ದು ನಿಂತು ಮೊದಲು ಶಾಂತಿಗೆ, ಆಮೇಲೆ ತೀರಿಕೊಂಡ ಹಿರಿಯರಿಗೆ ಲೋಟ ಎತ್ತಿದ. ಹಿರಿಯರ ಹೆಸರು ಬಂದ ಮೇಲೆ ಬೇಡ ಎನ್ನಲಾಗದೆ ಮೇಡಂ ಕೂಡ "ಚಹಾ" ಕುಡಿದರು. ತಮಾದಾನ ಮಾತನ್ನೆಲ್ಲ ತೆಕ್ಲೆ ಕೀಲಿಮಣೆಯಲ್ಲಿ ಬರೆದು ಗೊಂಬೆಗೆ ಕಳಿಸುತ್ತಿದ್ದಳು. ಗೊಂಬೆ ಕೊನೆಗೂ ಮೇಜಿನ ಕಡೆ ಬಂತು. ಅದು ಮೇಜನ್ನು ದಾಟಿ, ಬಾತುಕೋಳಿ ಕೊಳಕ್ಕೆ ಬಿತ್ತು.

"ನೀರಿನ ಆಳ ಅಳೀತಿದಾರೆ," ಎಂದರು ಭಾವ. "ಭೂಗೋಳ ಬಲ್ಲೋರು."

"ಬೀಳಿಸಿಬಿಟ್ರಲ್ಲೋ ಹಸ್ಕೊಂಡಿರೋರನ್ನ!" ಎಂದಳು ನುತ್ಸಾ ಅಜ್ಜಿ. "ಬರಿ ತೆಕ್ಲೆ, ಕೈ ಕೊಡ್ತೀವಿ ಮೇಲೆ ಬನ್ನಿ ಅಂತ ಬರಿ. ಒಣ ಕಾಲುಚೀಲ ಇದೆ ಅಂತಾನೂ ಬರಿ."

ಇದೇ ಸಮಯಕ್ಕೆ ಸಭಾಂಗಣದ ಬಾಗಿಲಲ್ಲಿ ಒದ್ದೆ ಕೊಡೆ ಹಿಡಿದ, ಚರ್ಮದ ಚೀಲದ ಒಬ್ಬ ಮನುಷ್ಯ ಬಂದು ನಿಂತ. ಯಾರೂ ತಿರುಗಿ ನೋಡಲಿಲ್ಲ. ಆತ ಕೆಮ್ಮಿದ. ಭಾವ ಹಿಂದಿರುಗಿ ನೋಡದೆ ಕೈ ಬೀಸಿದರು.

"ಈಗಲ್ಲ ಮಾರಾಯ್ರೇ, ಆಮೇಲೆ ಬನ್ನಿ. ಕರೆಂಟಿನ ಮೀಟರು ಹೊರಗಡೆ ಇದೆ. ನಾವು ಆಫೀಸರ ಜೊತೆ ಇದೀವಿ."

"ಯಾವ ಆಫೀಸರು?"

"ಗೆರೊಂತಿ ಸಾಹೇಬ್ರು! ಅಲ್ಲಿ, ಕೊಳದಲ್ಲಿ!"

ಆ ಮನುಷ್ಯ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿದ್ದ ಹಳದಿ ಟೋಪಿಯನ್ನು ಬಹಳ ಹೊತ್ತು ನೋಡಿದ.

"ಅಲ್ಲಿ ಏನ್ಮಾಡ್ತಿದಾರೆ?"

"ತಪಾಸಣೆ."

"ಎಷ್ಟೊತ್ತಿಂದ?"

"ಊಟದ ಹೊತ್ತಿಂದ. ಬಹಳ ನಿಷ್ಠಾವಂತ್ರು."

ನುತ್ಸಾ ಅಜ್ಜಿಗೆ ಸುಮ್ಮನೆ ನಿಂತವರನ್ನು ಕಂಡರೆ ಆಗದು. ಆತನ ಕೊಡೆ ಕಿತ್ತುಕೊಂಡು, ಬೆಂಚಿನ ತುದಿಯಲ್ಲಿ ನನ್ನ ಪಕ್ಕ ಕೂರಿಸಿ, ಮಡಿಲಿಗೆ ಒಂದು ಬುಟ್ಟಿ ಅಕ್ರೋಟು ಸುರಿದಳು. "ಕೈ ಖಾಲಿ ಇದೆಯಲ್ಲ, ಒಡಿ. ಕೋಳಿ ಸತ್ಸಿವಿಯ ಗೊಜ್ಜಿಗೆ ಸಾಲದು." ಆತ ಚೀಲ ಕೆಳಗಿಟ್ಟು, ಕಲ್ಲು ತೆಗೆದುಕೊಂಡು, ವಿಧೇಯನಾಗಿ ಒಡೆಯತೊಡಗಿದ.

"ಈ ಆಫೀಸರು ಹೇಗಂತೆ?" ಎಂದು ನನ್ನನ್ನು ಮೆಲ್ಲಗೆ ಕೇಳಿದ.

ನಾನು ಮಾತು ಬಿಗಿಹಿಡಿಯುವವಳಲ್ಲ. "ಹೃದಯ ಅನ್ನೋದು ಇಲ್ವಂತೆ. ಮಕ್ಕಳು ಕಡಿಮೆ ಅಂತ ಶಾಲೆ ಮುಚ್ಚೋನು. ಮಕ್ಕಳು ಯಾಕೆ ಕಡಿಮೆ ಅಂತ ಒಂದಿನ ಕೇಳಿದಾನಾ? ಅರ್ಧ ಊರಿನ ಹೆಂಗಸರು ಇಟಲಿ, ಗ್ರೀಸಲ್ಲಿ ಯಾರ್‍ಯಾರದೋ ಮನೇಲಿ ಮುದುಕರನ್ನ ನೋಡ್ಕೊಂಡಿದಾರೆ. ಇರೋ ನಾಲ್ಕು ಮಕ್ಕಳಿಗೆ ಅಮ್ಮನೂ ಇಲ್ಲ, ಇನ್ನು ಶಾಲೇನೂ ಬೇಡ ಅಂದ್ರೆ?"

ಆತ ಒಂದು ಅಕ್ರೋಟನ್ನು ಬೇಕಾದ್ದಕ್ಕಿಂತ ಜೋರಾಗಿ ಒಡೆದ.

ಮೇಜಿನ ತಲೆಯಲ್ಲಿ ವಾಲಿಕೋ ಮತ್ತೆ ಎದ್ದ. ಈ ಸಲ ಆತನ ಧ್ವನಿ ಇಳಿದಿತ್ತು. "ದೂರ ಹೋಗಿ ದುಡೀತಿರೋ ನಮ್ಮ ಹೆಣ್ಣುಮಕ್ಕಳಿಗೆ," ಎಂದ. ಅಷ್ಟೇ ಅಂದ. ವಾಲಿಕೋ ಒಂದೇ ವಾಕ್ಯಕ್ಕೆ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಕ್ಕಳೆಲ್ಲ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಸುಳ್ಳು ಯಾಕೆ ಹೇಳಲಿ?

ನುತ್ಸಾ ಅಜ್ಜಿ ಲೋಟ ಹಿಡಿದು ಗೋಡೆಯ ಮುಂದೆ ಹೋಗಿ ನಿಂತಳು. "ಬರಿ ತೆಕ್ಲೆ. ಆಫೀಸರೇ, ನನ್ನ ಸೊಸೆ ಮನಾನಾ ಇಟಲೀಲಿದಾಳೆ. ಇಲ್ಲಿದ್ದಾಗ ಅವಳು ಸತ್ಸಿವಿಗೆ ಬೆಳ್ಳುಳ್ಳಿ ಜಾಸ್ತಿ ಹಾಕ್ತಾಳೆ ಅಂತ ದಿನಾ ಬೈತಿದ್ದೆ. ಸುಳ್ಳು. ಅಷ್ಟು ಚೆನ್ನಾಗಿ ನಮ್ಮಮ್ಮನೂ ಮಾಡ್ತಿರ್ಲಿಲ್ಲ. ಅವಳು ಹೋದ್ಮೇಲೆ ನಮ್ಮನೇಲಿ ಯಾರೂ ಎರಡನೇ ಸಲ ಬಡಿಸ್ಕೊಂಡಿಲ್ಲ. ಇವತ್ತು ಅವಳಿದ್ದಿದ್ರೆ ನೀವು ಊಟ ಬಿಟ್ಟು ಆ ಕೊಳದಲ್ಲಿ ನಿಂತಿರ್ತಿರ್ಲಿಲ್ಲ. ಬರ್ದೆಯಾ?"

"ಬರ್ದೆ ಅಜ್ಜಿ," ಎಂದಳು ತೆಕ್ಲೆ. ಮೂಗು ಒರೆಸಿಕೊಂಡು ಕಳಿಸಿದಳು.

ಕೊಳದಲ್ಲಿ ಹಳದಿ ಟೋಪಿ ಅಲ್ಲಾಡಲಿಲ್ಲ. ಎಲ್ಲರೂ ಕಾದರು. ಕೊನೆಗೆ ಗೋಡೆಯ ಮೇಲೆ ಒಂದೊಂದಾಗಿ ಅಕ್ಷರಗಳು ಮೂಡಿದವು. ಇಟಲಿಯ ಕೀಲಿಮಣೆಯಲ್ಲಿ ತಡಕಾಡಿ ಬರೆದ ನಮ್ಮ ಭಾಷೆ:

"ತೆಕ್ಲೆ, ಕೂದಲು ಯಾಕೆ ಹಸಿರು ಮಾಡ್ಕೊಂಡಿದೀಯ?"

ಯಾವ ಸರ್ಕಾರದ ಯಾವ ಆಫೀಸರೂ ಈ ಪ್ರಶ್ನೆ ಕೇಳುವುದಿಲ್ಲ. ತೆಕ್ಲೆಯ ಕುರ್ಚಿ ಹಿಂದಕ್ಕೆ ಉರುಳಿತು.

"ಅಮ್ಮಾ!"

"ನಾನು ನೋಡ್ಕೊಳ್ಳೋ ಮುದುಕಮ್ಮ ಮಲಗಿದಾರೆ," ಎಂದು ಗೋಡೆ ಮುಂದುವರಿಸಿತು. "ಇದು ಅವರ ಮೊಮ್ಮಗ ಪಿಪ್ಪೊನ ಕಂಪ್ಯೂಟರ್. ಶಾಲೆ ಪುಟದಲ್ಲಿ ಗೇಟು ತೆರೆದಿದೆ ಅಂತಿತ್ತು. ಸುಮ್ನೆ ಊರು ನೋಡ್ಕೊಂಡು ಹೋಗೋಣ ಅಂತ ಬಂದೆ. ಅಕ್ಷರ ಎಲ್ಲಿದೆ ಗೊತ್ತಾಗ್ಲಿಲ್ಲ. ಈ ನೀರಿಂದ ಮೇಲೆ ಬರೋದು ಹೇಗೆ?" ಸ್ವಲ್ಪ ತಡೆದು ಇನ್ನೊಂದು ಸಾಲು ಬಂತು. "ಅತ್ತೆ, ನೀವು ಹೇಳಿದ್ದು ನಿಜಾನಾ?"

ನುತ್ಸಾ ಅಜ್ಜಿಯ ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗಿತು. "ನಾನು ಆಫೀಸರಿಗೆ ಹೇಳಿದ್ದು! ಇವಳಿಗೆ ಯಾರು ಕೇಳಿಸ್ಕೋ ಅಂದ್ರು? ಬರಿ, ಸುಳ್ಳು ಅಂತ ಬರಿ. ತಡಿ, ಬರೀಬೇಡ. ಬೇಸಿಗೇಲಿ ಬರ್ತೀಯಾ ಅಂತ ಕೇಳು. ಊಟ ಮಾಡಿದ್ಯಾ ಅಂತ ಮೊದ್ಲು ಕೇಳು." ಹೇಳುತ್ತಾ ಹೇಳುತ್ತಾ ಸೌಟಿನಿಂದಲೇ ಕಣ್ಣು ಒರೆಸಿಕೊಂಡಳು.

ಇಡೀ ಸಭಾಂಗಣ ಒಟ್ಟಿಗೆ ಮಾತಾಡತೊಡಗಿತು. ಮನಾನಾಗೆ ಯಾವ ಕೀಲಿ ಒತ್ತಬೇಕೆಂದು ಎಂಟು ಜನ ಎಂಟು ಬಗೆಯಲ್ಲಿ ಕೂಗಿದರು. ಭಾವ ಮಾತ್ರ ಕಂಬದ ಹಾಗೆ ನಿಂತಿದ್ದರು.

"ಹಂಗಾದ್ರೆ," ಎಂದರು ನಿಧಾನವಾಗಿ, "ಆಫೀಸರು ಎಲ್ಲಿ?"

ಅಕ್ರೋಟು ಒಡೆಯುವ ಸದ್ದು ನಿಂತಿತು. "ಇಲ್ಲಿ," ಎಂದಿತು ನನ್ನ ಪಕ್ಕದ ಧ್ವನಿ.

ನಾನು ಅಲ್ಲೇ ಭೂಮಿಗಿಳಿದು ಹೋಗಬೇಕಿತ್ತು. ತ್ಸಿಯಾಲಾ ಮೇಡಂ ಕೆಟಲನ್ನು ಕೋಟಿನೊಳಗೆ ಅಡಗಿಸಲು ಹೋಗಿ ತಮ್ಮ ಮೇಲೆ ಚೆಲ್ಲಿಕೊಂಡರು. ಗೆರೊಂತಿ ಎದ್ದು ನಿಂತು, ಪ್ಯಾಂಟಿನಿಂದ ಅಕ್ರೋಟಿನ ಸಿಪ್ಪೆ ಕೊಡವಿಕೊಂಡು, ಚೀಲ ಎತ್ತಿಕೊಂಡರು.

"ಶಾಲೆಯಲ್ಲಿ ಔತಣ," ಎಂದರು. "ಕೆಟಲಿನಲ್ಲಿ ವೈನು. ಗೋಡೆಗೆ ಮರ್ಯಾದೆ, ತಪಾಸಣೆಗೆ ಬಂದವನಿಗೆ ಅಕ್ರೋಟು. ಇದನ್ನೆಲ್ಲ ವರದಿಯಲ್ಲಿ ಹೇಗೆ ಬರೀಲಿ, ಹೇಳಿ ಅಂಬ್ರೋಸಿಯವರೇ?"

ಶಾಲೆ ಹೋಯಿತು ಎಂದು ನಾವೆಲ್ಲರೂ ಅಂದುಕೊಂಡೆವು. ಮಕ್ಕಳೂ ಅಂದುಕೊಂಡರು. ತೆಕ್ಲೆ ಒಬ್ಬಳಿಗೆ ಇದು ಯಾವುದೂ ಕೇಳಿಸುತ್ತಿರಲಿಲ್ಲ.

ಆಗ ವಾಲಿಕೋ ಲೋಟ ತುಂಬಿಸಿ ಗೆರೊಂತಿಯ ಕೈಗೆ ಇಟ್ಟ. "ಊಟ ಇನ್ನೂ ಮುಗ್ದಿಲ್ಲ ಸಾಹೇಬ್ರೇ. ಕೊನೇದೊಂದು ಬಾಕಿ ಇದೆ. ಈ ಮಕ್ಕಳು ಇದೇ ಶಾಲೇಲಿ ಓದಿ ದೊಡ್ಡೋರಾಗ್ಲಿ ಅಂತ." ತಾನು ಕುಡಿದು ಲೋಟ ಬೋರಲು ಹಾಕಿ ತೋರಿಸಿದ.

ವಾಲಿಕೋನನ್ನು ನಾನು ವಾಚಾಳಿ ಎಂದಷ್ಟೇ ತಿಳಿದಿದ್ದೆ. ಅವತ್ತು ಆತನ ಕಾಲಿಗೆ ಬೀಳಬೇಕು ಅನಿಸಿತು. ಮೇಜಿನಲ್ಲಿ ಮಕ್ಕಳ ಹೆಸರಲ್ಲಿ ಎತ್ತಿದ ಲೋಟವನ್ನು ಕುಡಿಯದೆ ಕೆಳಗಿಟ್ಟವನು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಕುಡಿದ ಮೇಲೆ ಅದಕ್ಕೆ ವಿರುದ್ಧ ನಡೆದವನು ಹುಟ್ಟಿದ್ದರೂ ಯಾರ ಮನೆಯಲ್ಲೂ ಅವನಿಗೆ ಊಟವಿಲ್ಲ. ಗೆರೊಂತಿಗೂ ಅದು ಚೆನ್ನಾಗಿ ಗೊತ್ತಿತ್ತು. ಲೋಟವನ್ನು ಹಿಡಿದು ಹಾಗೇ ನಿಂತರು.

ಗೋಡೆಯ ಮೇಲೆ ಮನಾನಾ ಕೊಳದಿಂದ ಹತ್ತಿ ಬಂದಿದ್ದಳು. ಹಸಿರು ಕೂದಲಿನ ಗೊಂಬೆ ಮುಂದೆ, ಹಳದಿ ಟೋಪಿ ಹಿಂದೆ. ತೆಕ್ಲೆ ತನ್ನ ಅಮ್ಮನಿಗೆ ಊರು ತೋರಿಸುತ್ತಿದ್ದಳು. ಇಗರ್ಜಿ ದಾಟಿ, ಹೊಳೆ ದಾಟಿ, ತಮ್ಮ ಮನೆಯ ಮುಂದೆ ಇಬ್ಬರೂ ನಿಂತರು.

"ಮೆಟ್ಟಿಲು ರಿಪೇರಿ ಆಗಿದೆ!" ಎಂದು ಬರೆದಳು ಮನಾನಾ.

"ಇಲ್ಲಿ ಮಾತ್ರ ಆಗಿದೆ ಅಮ್ಮಾ," ಎಂದು ಬರೆದಳು ತೆಕ್ಲೆ. "ನಿಜವಾದ ಮನೇಲಿ ಅಪ್ಪ ಮಾಡ್ತೀನಿ ಅಂತಾನೇ ಇದಾನೆ."

ಗೆರೊಂತಿ ಅದನ್ನು ಓದಿದರು. ಲೋಟವನ್ನು ಒಂದೇ ಗುಟುಕಿಗೆ ತಳ ಕಾಣಿಸಿ ಬೋರಲು ಹಾಕಿದರು. ಸಭಾಂಗಣದಲ್ಲಿ ಎದ್ದ ಗಲಾಟೆಗೆ ಚಾವಣಿಯಿಂದ ಸುಣ್ಣ ಉದುರಿತು. ಅಕ್ಕ ಲಾಮಾರ ಭಾವನನ್ನು ಎಲ್ಲರ ಎದುರೇ ತಬ್ಬಿಕೊಂಡಳು, ಭಾವನಿಗೆ ಮತ್ತೆ ಮಾತ್ರೆ ಕೊಡಬೇಕಾಯಿತು.

ಎಲ್ಲ ಮುಗಿದು ಜನ ಪಾತ್ರೆ ಎತ್ತಿಕೊಂಡು ಹೊರಡುವಾಗ ಗೆರೊಂತಿ ಭಾವನನ್ನು ಬಾಗಿಲ ಬಳಿಗೆ ಕರೆದರು. ನಾನು ಹತ್ತಿರದಲ್ಲೇ ಇದ್ದೆ. ಇಂಥ ಸಮಯದಲ್ಲಿ ನಾನು ಯಾವಾಗಲೂ ಹತ್ತಿರದಲ್ಲೇ ಇರುತ್ತೇನೆ.

"ಈ ಗೇಟಿಂದ ಯಾರು ಬೇಕಾದ್ರೂ ಬರಬಹುದಾ?" ಎಂದು ಕೇಳಿದರು. "ಅಂದ್ರೆ, ಬೇರೆ ಊರಿನೋರು? ನನ್ನ ಹೆಂಡ್ತಿ ಗ್ರೀಸಿನ ಥೆಸಲೊನೀಕಿಯಲ್ಲಿದಾಳೆ. ಮಗಳು ಅವಳ ಜೊತೆ ಫೋನಲ್ಲಿ ಮಾತಾಡಲ್ಲ. ಏನು ಮಾತಾಡ್ಬೇಕು ಅಂತಾಳೆ. ಇಬ್ರೂ ಹೀಗೆ ಸುಮ್ನೆ ಒಟ್ಟಿಗೆ ನಡೆದ್ರೆ ಸಾಕಿತ್ತು."

ಎಂಥ ಮೂರ್ಖನಿಗೂ ಇಲ್ಲಿ ಉತ್ತರ ಗೊತ್ತಾಗುತ್ತಿತ್ತು. ಆದರೆ ನನ್ನ ಭಾವ ತರಬೇತಿ ಪಡೆದವರು. ಎದೆ ಉಬ್ಬಿಸಿ, "ಕ್ಷಮಿಸಿ ಸಾಹೇಬ್ರೇ," ಎಂದರು. "ಇವತ್ತಿನ ಅನುಭವದ ಮೇಲೆ ಗೇಟಿಗೆ ಬೀಗ ಹಾಕ್ತಿದೀನಿ. ಇನ್ಮೇಲೆ ಈ ಶಾಲೆ ಮಕ್ಕಳು, ಅವರ ತಂದೆತಾಯಿ, ಅಷ್ಟೇ. ಮಕ್ಕಳ ಸುರಕ್ಷತೆ ಮುಖ್ಯ ಅಂತ ಶಿಬಿರದಲ್ಲಿ ಸ್ಪಷ್ಟವಾಗಿ ಹೇಳಿದಾರೆ."

ನಾನು ಅವರ ಕಾಲು ತುಳಿದೆ. "ಯಾಕಮ್ಮ ತುಳೀತೀಯ?" ಎಂದು ಗಟ್ಟಿಯಾಗಿಯೇ ಕೇಳಿದರು. ಗೆರೊಂತಿ ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಇಳಿದು ಹೋದರು. ಆ ಬೇಸಿಗೆಯಿಡೀ ಅಕ್ಕ ಭಾವನ ಜೊತೆ ಮಾತು ಬಿಟ್ಟಳು. ಈ ಸಲ ಭಾವನಿಗೆ ಕೂಡಲೇ ಗೊತ್ತಾಯಿತು.

ತರಗತಿಗಳು ಮುಚ್ಚಲಿಲ್ಲ. ಒಂದು ವರ್ಷ ನೋಡೋಣ ಎಂದು ಕಚೇರಿಯಿಂದ ಆದೇಶ ಬಂತು. ಸೆಪ್ಟೆಂಬರಿನ ಮೊದಲ ದಿನ ನಾವೆಲ್ಲ ಶಾಲೆಯ ಮುಂದೆ ನಿಂತಿದ್ದಾಗ, ಬೆಳಗಿನ ಮಾರ್ಶ್ರುತ್ಕಾ ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತಿ ಬಂತು. ಅದರಿಂದ ಮೊದಲು ಎರಡು ಕೋಳಿ ಇಳಿದವು, ಆಮೇಲೆ ಪಟ್ಟಣದ ಬೂಟು ಹಾಕಿದ ಒಬ್ಬಳು ಹುಡುಗಿ, ಅವಳ ಹಿಂದೆ ಚೀಲ ಹಿಡಿದ ಗೆರೊಂತಿ. ಅವರು ನಮ್ಮ ಯಾರ ಮುಖವನ್ನೂ ನೋಡದೆ ತ್ಸಿಯಾಲಾ ಮೇಡಂ ಹತ್ತಿರ ಹೋಗಿ, "ಒಂಬತ್ತನೇ ತರಗತಿಗೆ ಇವಳನ್ನ ಸೇರಿಸ್ಕೊಳಿ" ಎಂದರು.

ಹುಡುಗಿ ಮಾತ್ರ ಮೇಡಂ ಕಡೆ ನೋಡಲಿಲ್ಲ. ಮೇಷ್ಟ್ರು ಯಾರೆಂದು ವಿಚಾರಿಸಿಕೊಂಡು ನೇರವಾಗಿ ಭಾವನ ಎದುರು ಬಂದು ನಿಂತಳು.

"ಸಾರ್, ನಮ್ಮಮ್ಮ ಯಾವ ಪಿರಿಯಡ್ಡಿಗೆ ಬರಬಹುದು?"